ಮೇಸ್ತ್ರಿ ಓದಿದ ಮನೆ

ಕನ್ನಡಕದಂಗಡಿಯ ಅಕ್ಕನಿಗೆ ಓದಿನ ಹುಚ್ಚು. ಬಸ್ಸಿಗೆ ಕಾಯುವಾಗ ಒಂದು ಪುಟ, ಕುಕ್ಕರ್ ಕೂಗುವುದರೊಳಗೆ ಎರಡು, ಕಿತ್ತಳೆ ಸುಲಿಯುತ್ತಾ ಇನ್ನೆರಡು. ಆ ಪುಟಗಳಿಗೆ ಮುಂದೆ ಎಷ್ಟೋ ದಿನ ಕಿತ್ತಳೆಯ ವಾಸನೆ. "ಇವಳ ಮುಖಕ್ಕಿಂತ ಇವಳ ಪುಸ್ತಕದ ರಟ್ಟನ್ನೇ ನಾನು ಜಾಸ್ತಿ ನೋಡಿರೋದು" ಎಂದು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಗಂಡ ಬಂದವರೆದುರೆಲ್ಲ ದೂರುತ್ತಿದ್ದ.

ದೃಷ್ಟಿ ಪರೀಕ್ಷೆಗೆಂದು ಅಂಗಡಿಯಲ್ಲಿ ಒಂದು ಕಾರ್ಡಿತ್ತು. ಅದರ ನಾಲ್ಕು ಸಾಲನ್ನು ಹಳೆಯ ಗಿರಾಕಿಗಳು ಕಣ್ಣು ಮುಚ್ಚಿಕೊಂಡೇ ಒಪ್ಪಿಸಿಬಿಡುತ್ತಿದ್ದರು. ಅದಕ್ಕೇ ಅವಳು ಕಾರ್ಡನ್ನು ಮೂಲೆಗೆಸೆದು, ತಾನು ಓದುತ್ತಿದ್ದ ಪುಸ್ತಕವನ್ನೇ ಅವರ ಕೈಗಿಡತೊಡಗಿದಳು.

ಒಂದು ದಿನ ವಯಸ್ಸಾದ ಮೇಸ್ತ್ರಿಯೊಬ್ಬ ಬಂದ. ಕೆಲಸ ಬಿಟ್ಟು ಮೂರು ವರ್ಷವಾದರೂ ಅಂಗೈಯ ಗೀರುಗಳಲ್ಲಿ ಸಿಮೆಂಟು ಹಾಗೇ ಇತ್ತು. ಅವಳು ಗಾಜು ಬದಲಾಯಿಸಿ ಕಾದಂಬರಿಯ ಒಂದು ಪುಟ ತೋರಿಸಿದಳು. ಅವನು ಓದಿ ಮುಗಿಸಿ, ಬೆರಳಿಗೆ ಎಂಜಲು ಹಚ್ಚಿ, ಪುಟ ತಿರುವಿದ.

"ಸಾಕು, ಅಕ್ಷರ ಸರಿಯಾಗಿ ಕಾಣ್ತಲ್ಲ?"

"ತಡೀರಮ್ಮಾ. ಆ ಹೆಂಗಸು ಮಹಡಿ ಹತ್ತಿದ್ಲು. ಯಾಕೆ ಹತ್ತಿದ್ಲು?"

ಅವಳಿಗೆ ನಗು ಬಂತು. "ಮನೆಗೆ ತಗೊಂಡು ಹೋಗಿ ಓದಿ. ನಾನು ಹೇಳಲ್ಲ."

ಹುಟ್ಟಿದಾಗಿನಿಂದ ಒಂದು ಪುಸ್ತಕವನ್ನೂ ಪೂರ್ತಿ ಓದಿರದ ಮನುಷ್ಯ ಹನ್ನೆರಡು ದಿನದ ಮೇಲೆ ಬಂದ. ಹಳೆಯ ಕ್ಯಾಲೆಂಡರ್ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದ. ಅದರ ಬೆನ್ನಿನಲ್ಲಿ ಪೆನ್ಸಿಲಿನಿಂದ ಬರೆದ ಎರಡು ನಕ್ಷೆಗಳಿದ್ದವು.

"ಇದು ಆ ಕಥೆಯ ಮನೆ. ಅಡುಗೆಮನೆ ಕಿಟಕೀಲಿ ಅವಳು ದಿನಾ ಸೂರ್ಯ ಮುಳುಗೋದು ನೋಡ್ತಾಳೆ. ಅಂದ್ರೆ ಪಶ್ಚಿಮದ ಗೋಡೆ. ಕೊನೇಲಿ ನೋಡಿದ್ರೆ ಮೆಟ್ಟಿಲೂ ಅದೇ ಗೋಡೇಲಿ! ಬರೆದವರಿಗೆ ಮನೆ ಕಟ್ಟೋಕೆ ಬರಲ್ಲ ಅಂತ ಬೈಕೊಂಡೆ."

"ಅವರು ಮರೆತಿರಬೇಕು."

"ನಾನೂ ಹಾಗೇ ಅಂದ್ಕೊಂಡೆ. ತಿರುಗಾ ಓದಿದೆ. ನಡುವೆ ಅಣ್ಣತಮ್ಮಂದಿರು ಪಾಲಾಗ್ತಾರಲ್ಲ, ಆಗ ಹೊರಗಡೆಯಿಂದ ಹೊಸ ಮೆಟ್ಟಿಲು ಕಟ್ಟಿಸ್ತಾರೆ, ಈ ಎರಡನೇ ನಕ್ಷೆ ನೋಡಿ. ಒಂದೇ ಸಾಲು. ಆ ಮೆಟ್ಟಿಲು ಕಿಟಕಿಗೆ ಅಡ್ಡ ಬಂತು. ಅಲ್ಲಿಂದಾಚೆ ಆ ಕಿಟಕೀಲಿ ಅವಳು ಒಂದು ಸಂಜೇನೂ ನೋಡಿಲ್ಲ. ಯಾರೂ ಗಮನಿಸಲ್ಲ. ಅವಳೂ ಬಾಯಿ ಬಿಡಲ್ಲ."

ಅಕ್ಕ ದಂಗಾದಳು. ಆ ಪುಸ್ತಕವನ್ನು ಅವಳು ಮೂರು ಸಲ ಓದಿದ್ದಳು. ಆ ಹೆಂಗಸು ಕೊನೆಗೆ ಯಾಕಷ್ಟು ಸಿಡುಕಿಯಾಗುತ್ತಾಳೆ, ಯಾಕೆ ಸಂಜೆಯಾದರೆ ಮಹಡಿಗೆ ಓಡುತ್ತಾಳೆ ಎಂದು ಮೂರು ಸಲವೂ ತಲೆ ಕೆರೆದುಕೊಂಡಿದ್ದಳು. ಅಳುವುದಕ್ಕೆ ಪುರುಸೊತ್ತಿತ್ತು, ಕಿಟಕಿ ಎಲ್ಲಿದೆಯೆಂದು ನೋಡುವುದಕ್ಕಿರಲಿಲ್ಲ. ಅವತ್ತು ಗಿರಾಕಿಗಳನ್ನು ಗಂಡನಿಗೊಪ್ಪಿಸಿ, ನಕ್ಷೆ ಪಕ್ಕದಲ್ಲಿಟ್ಟುಕೊಂಡು ನಾಲ್ಕನೇ ಸಲ ಓದಿದಳು. ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು.

ಮುಂದಿನ ವಾರ ಮೇಸ್ತ್ರಿಯನ್ನು ಕೇಳಿದಳು: "ಪುಸ್ತಕದೊಳಗಿನ ಮನೇನೇ ಇಷ್ಟು ಓದ್ತೀರಿ. ನೀವೇ ಕಟ್ಟಿದ್ದನ್ನ ಹೇಗೆ ಓದ್ತೀರೋ ನೋಡ್ಬೇಕಲ್ಲ?"

ಭಾನುವಾರ ಬೆಳಿಗ್ಗೆ ಅವನು ಗಂಡಹೆಂಡತಿಯರಿಬ್ಬರನ್ನೂ ಅಂಚೆ ಕಚೇರಿಯ ಹಿಂಬದಿಗೆ ಕರೆದೊಯ್ದ. ನೋಡಿದರೆ ಬರೀ ಇಟ್ಟಿಗೆ ಗೋಡೆ. ಅವನು ಸೊಂಟದೆತ್ತರದ ಒಂದು ಸಾಲಿನ ಮೇಲೆ ಬೆರಳಾಡಿಸಿದ. "ಈ ಸಾಲಲ್ಲಿ ಇಲ್ಲಿವರೆಗೆ ನಾನು. ಇಲ್ಲಿಂದ ನನ್ನ ತಮ್ಮ. ಅವನು ಎಡಗೈಯವನು, ಗಾರೆ ಬಲಕ್ಕೆ ಜಾರಿದೆ ನೋಡಿ. ಈ ಎರಡು ಸಾಲು ಮಾತ್ರ ಸೊಟ್ಟ. ಅವತ್ತು ನನಗೆ ಮಗಳು ಹುಟ್ಟಿದ್ಲು. ಇಬ್ರಿಗೂ ಕೈ ನಿಲ್ಲಲಿಲ್ಲ."

ಅಕ್ಕ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಪುಸ್ತಕವೆಂದರೆ ಮಾರು ದೂರ ಓಡುವ ಅವಳ ಗಂಡನೂ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕೆಳಗಿನ ಸಾಲಿಗೆ ಕೈಯಿಟ್ಟು, "ಇದನ್ನ ಕಟ್ಟಿದ್ದು ಯಾರು?" ಎಂದ. ಕಾವಲುಗಾರ ಬಂದು, "ಏನಾದ್ರೂ ಕಳ್ಕೊಂಡ್ರಾ?" ಎಂದು ವಿಚಾರಿಸಿದ. ಮೇಸ್ತ್ರಿ ಅವನನ್ನೂ ಹತ್ತಿರ ಕರೆದು, ಬುನಾದಿಯಿಂದ ಮತ್ತೆ ಶುರು ಮಾಡಿದ.