ಬೇಲಿಗೆ ಕಟ್ಟಿದ ಕೆಂಪು ಪಟ್ಟಿ

ಹುಣಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕರ್ಚೀಫಿಗೆಂದು ಚೀಲಕ್ಕೆ ಕೈ ಹಾಕಿದೆ. ಸಿಕ್ಕಿದ್ದು ಒಂದು ಕೆಂಪು ಬಟ್ಟೆಪಟ್ಟಿ. ಬೆಳಿಗ್ಗೆ ಹೊಲದ ಬೇಲಿಗೆ ಕಟ್ಟಿಸಲು ಹಿಡಿದಿದ್ದವಳು, ಯಜಮಾನರನ್ನು ಹೊರಡಿಸುವ ಗಡಿಬಿಡಿಯಲ್ಲಿ ಅದನ್ನೂ ತುರುಕಿಕೊಂಡು ಬಂದಿದ್ದೆ. ಅವರು ಒಳಗೆ ಡಾಕ್ಟರ ಮುಂದೆ ಮಲಗಿದ್ದರು. ನಾನು ಪಟ್ಟಿ ಹಿಡಿದು ಕೂತೆ...

ವೀರನಹೊಸಹಳ್ಳಿಯಲ್ಲಿ ನಮ್ಮ ಪಕ್ಕದ ಜಮೀನು ಕೊಂಡಿದ್ದವರ ಪಟ್ಟಿ ಅದು. ಕೆ.ಆರ್. ನಗರದ ಕಡೆಯವರು, ವಿಮಾನ ಓಡಿಸಿ ನಿವೃತ್ತರಾದವರು. ಮೊದಲ ದಿನದಿಂದಲೇ ನನಗೆ ಅವರ ಮೇಲೆ ಅನುಮಾನ. ಆಕಾಶದಲ್ಲಿ ಓಡಾಡಿದವರಿಗೆ ಆನೆ ಕಾಟದ ಈ ನೆಲದಲ್ಲೇನು ಕೆಲಸ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೇ ಬದುಕಿದವಳು ನಾನು. ಮೇಲಾಗಿ ಅವರ ಸೋಲಾರ್ ಬೇಲಿಯಲ್ಲಿ ಈ ಪಟ್ಟಿ ದಿನಕ್ಕೊಂದು ಕಡೆ ನೇತಾಡುತ್ತಿತ್ತು. ಒಂದು ದಿನ ನಮ್ಮಿಬ್ಬರ ಗಡಿಯ ಕಂಬಕ್ಕೇ ಬಂತು. ಮಾಟವೇ ಸರಿ ಎಂದು ಪೊರಕೆ ಹಿಡಿದೇ ಹೋದೆ.

"ಯಾರ್ ಮನೆ ಆಳ್ ಮಾಡಕ್ ಕಟ್ಟೀರಿ ಇದ್ನ?"

ಅವರು ನಗಲಿಲ್ಲ, ಕೂರಿಸಿ ಹೇಳಿದರು. ವಿಮಾನದ ವೇಗ ತಿಳಿಸುವ ಕೊಳವೆಗೆ, ವಿಮಾನ ನಿಂತಾಗ ಮುಸುಕು ಹಾಕಿ ಇಂಥ ಪಟ್ಟಿ ಇಳಿಬಿಟ್ಟಿರುತ್ತಾರಂತೆ. ಹೊರಡುವ ಮುಂಚೆ ಪೈಲಟ್ ಒಂದು ಸುತ್ತು ಬಂದು, ತೆಗೆದಿದ್ದಾರೆಯೇ ಎಂದು ನೋಡಬೇಕು. ವರ್ಷಗಟ್ಟಲೆ ಹಾಗೆ ನೋಡಿದ್ದ ಅವರು ಒಂದು ಬೆಳಿಗ್ಗೆ ನೇತಾಡುತ್ತಿದ್ದ ಪಟ್ಟಿಯ ಪಕ್ಕದಲ್ಲೇ ನಡೆದು, ಎಲ್ಲ ಸರಿ ಎಂದು ಹತ್ತಿ ಕೂತರಂತೆ. ವಿಮಾನ ಓಡತೊಡಗಿತು, ವೇಗದ ಮುಳ್ಳು ಅಲ್ಲಾಡಲಿಲ್ಲ. ಪಕ್ಕದಲ್ಲಿದ್ದ ಹೊಸ ಪೈಲಟ್ ಹೆಣ್ಣುಮಗಳು ಕೂಗಿಕೊಂಡದ್ದರಿಂದ ನೆಲ ಬಿಡುವ ಮೊದಲೇ ನಿಲ್ಲಿಸಿದರು. ಹಿಂದೆ ಅಷ್ಟು ಜನ ಕೂತಿದ್ದರು...

"ಕಣ್ಣು ತೆರೆದೇ ಇತ್ತು ಕಣಮ್ಮ. ದಿನಾ ಇರೋದನ್ನ ಅದು ನೋಡೋದೇ ಬಿಟ್ಟಿತ್ತು. ಅವತ್ತಿಂದ ನನ್ನ ಮೇಲೆ ನನಗೇ ಅನುಮಾನ."

ಅದಕ್ಕೇ ಬೆಳಿಗ್ಗೆ ಬೇಲಿಯ ಕರೆಂಟು ಆರಿಸಿ, ಆಳಿನ ಕೈಲಿ ಎಲ್ಲೋ ಒಂದು ಕಡೆ ಪಟ್ಟಿ ಕಟ್ಟಿಸುತ್ತಿದ್ದರು. ಸಂಜೆ ಕರೆಂಟು ಬಿಡುವ ಮೊದಲು ತಾವೇ ಹುಡುಕಬೇಕು. ಹುಡುಕಲು ಹೊರಟರೆ ಬೇಲಿಯುದ್ದಕ್ಕೂ ಕಣ್ಣು ಹಾಯಿಸಲೇಬೇಕು. ಆಗ ತಂತಿಯ ಮೇಲೆ ಬಿದ್ದು ಕರೆಂಟು ಕೆಡಿಸುವ ಕೊಂಬೆಯೂ ಕಾಣುತ್ತದೆ. ನಾನು ಅರ್ಧ ನಂಬಿದೆ. ಆದರೂ ಅವತ್ತಿನಿಂದ ನಮ್ಮ ಬೇಲಿಯನ್ನೂ ಸುತ್ತತೊಡಗಿದೆ, ಅವರಿಗೆ ಕಾಣದ ಹಾಗೆ.

ಒಂದು ಸಂಜೆ ಪಟ್ಟಿ ಹುಡುಕುತ್ತಿದ್ದವರು ಕಂಬ ಹಿಡಿದು ನಿಂತುಬಿಟ್ಟರು. ಮುಖವೆಲ್ಲ ಬೆವತಿತ್ತು. ಏನಾಯ್ತು ಸಾರ್ ಅಂದೆ.

"ಏನಿಲ್ಲಮ್ಮ, ಗ್ಯಾಸು. ಆಗಾಗ ಬರುತ್ತೆ, ಹೋಗುತ್ತೆ."

ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ. ಬೇಲಿಯ ಒಂದು ಗಂಟನ್ನೂ ನಂಬದ ಮನುಷ್ಯ ತಮ್ಮ ಎದೆಯನ್ನು ನಂಬಿಬಿಟ್ಟರು. ಅವರು ಹೇಳಿದ್ದಕ್ಕೆಲ್ಲ ಅನುಮಾನಪಟ್ಟ ನಾನೂ ಆ ಒಂದು ಮಾತನ್ನು ನಂಬಿ ಮನೆಗೆ ಹೋದೆ. ಪಟ್ಟಿಯನ್ನು ಅವರ ಆಳು ತಂದು ನನಗೆ ಕೊಟ್ಟ. ಅಂದಿನಿಂದ ಯಾರ ಕೈಲಾದರೂ ಅದನ್ನು ನಮ್ಮ ಬೇಲಿಗೆ ಕಟ್ಟಿಸಿ, ಸಂಜೆ ನಾನೇ ಹುಡುಕುತ್ತೇನೆ.

ಇವತ್ತು ಬೆಳಿಗ್ಗೆ ಯಜಮಾನರು ಎದೆ ಉಜ್ಜಿಕೊಂಡು, "ಗ್ಯಾಸು ಕಣಮ್ಮಿ, ಇದ್ದದ್ದೇ ಬುಡು" ಅಂದರು. ನಾನು ಬಿಡಲಿಲ್ಲ, ಆಟೋ ಕರೆಸಿದೆ.

ಬಾಗಿಲು ತೆರೆಯಿತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಪಂದ್ಯ ಗೆದ್ದವರ ಹಾಗೆ ನಗುತ್ತ ಬಂದರು.

"ಡಾಕ್ಟ್ರೂ ಗ್ಯಾಸು ಅಂದ್ರು ಕಣಮ್ಮಿ. ಸುಮ್ಕೆ ಇಲ್ಲೀಗಂಟ ಎಳ್ಕೊಂಡ್ ಬಂದೆ. ನಿಂಗೆಲ್ಲೋ ತಲೆ ಕೆಟ್ಟದೆ."

ಅವರ ಕೈಲಿದ್ದ ಇಸಿಜಿ ಕಾಗದವನ್ನು ಕಿತ್ತುಕೊಂಡು, ಏನೂ ತಿಳಿಯದಿದ್ದರೂ ಎರಡು ಸಲ ನೋಡಿದೆ. "ಬೈರಿ, ಬೈರಿ. ಮುಂದಿನ್ ಸಲಾನೂ ಎಳ್ಕಬತ್ತೀನಿ" ಅಂದೆ.

ದಾರಿಯುದ್ದಕ್ಕೂ ಬೈಯುತ್ತಲೇ ಬಂದರು. ಅವತ್ತು ಸಂಜೆ ಪಕ್ಕದ ಹೊಲದವರನ್ನೂ ಹೀಗೆ ಎಳೆದು ತಂದಿದ್ದರೆ ಅವರೂ ಬೈಯುತ್ತಿದ್ದರೇನೋ... ಬೈಸಿಕೊಳ್ಳುವ ಭಾಗ್ಯ ನನಗಿರಲಿಲ್ಲ.