ಗೂಟದಕ್ಕನ ಸೀಸನ್

ಗೂಟದಕ್ಕ ರಾಜಧಾನಿಯನ್ನು ನೋಡಿಲ್ಲ. ಬಸ್ಸಿನಲ್ಲಿ ಕೂತರೆ ಮುಕ್ಕಾಲು ಗಂಟೆಯ ದಾರಿ.

ಬೆಳಕು ಹರಿಯುವ ಹೊತ್ತಿಗೆ ಆಕೆ, ರಾಜಧಾನಿ ನೋಡಲು ಬಂದವರು ತಂಗುವ ಡೇರೆ ಮೈದಾನದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಾಳೆ. ನಿನ್ನೆ ಖಾಲಿಯಾದ ಜಾಗಗಳಲ್ಲಿ ಹುಲ್ಲು ಚೌಕಾಕಾರವಾಗಿ ಹಳದಿಗಟ್ಟಿದೆ. ರಜೆ ಮುಗಿಸಿದ ಕುಟುಂಬಗಳು ಡೇರೆ ಮಡಚಿಕೊಂಡು ಹೋಗುತ್ತವೆ, ಗೂಟಗಳನ್ನು ಮಣ್ಣಲ್ಲೇ ಮರೆಯುತ್ತವೆ. ಹುಲ್ಲು ಕತ್ತರಿಸುವ ಯಂತ್ರ ಬರುವ ಮುಂಚೆ ಅವನ್ನು ಕೀಳದಿದ್ದರೆ ಅಲಗು ಮುರಿಯುತ್ತದೆ. ಕಣ್ಣಿಗೆ ಕಾಣದ್ದು ಅಂಗಾಲಿಗೆ ಸಿಗುತ್ತದೆ. ಅದಕ್ಕೇ ಚಪ್ಪಲಿ ಇಲ್ಲ, ಅದಕ್ಕೇ ಈ ಹೆಸರು.

“ಗಂಡ ಹೆಂಡ್ತಿ ಜಗಳ ಆಡ್ಕೊಂಡು ಡೇರೆ ಬಿಚ್ಚಿದ್ರೆ ಮೂರು ನಾಲ್ಕು ಗೂಟ ಉಳಿಯುತ್ತೆ,” ಎಂದು ಒಂದನ್ನು ಅಲ್ಲಾಡಿಸಿ ಕೀಳುತ್ತಾಳೆ. “ಮಾತೇ ಬಿಟ್ಟಿದ್ರೆ ಪೂರ್ತಿ ಸಾಲೇ ಇರುತ್ತೆ ನೋಡಿ.”

ಆಮೇಲೆ ಸ್ನಾನದ ಕೋಣೆಗಳು, ಪಾತ್ರೆ ತೊಳೆಯುವ ಕಟ್ಟೆ, ಕಸದ ಡಬ್ಬಿಗಳು. ಅಷ್ಟರಲ್ಲಿ ಮಕ್ಕಳನ್ನು ಎಳೆದುಕೊಂಡು ತಾಯಂದಿರು ಬರುತ್ತಾರೆ. ಅರಮನೆಗೆ ಯಾವ ಬಸ್ಸು? ಮೃಗಾಲಯದಲ್ಲಿ ಮೊದಲು ಏನು ನೋಡಬೇಕು? ಹೋಗಿಬಂದವರ ಬಾಯಿಂದ ಕಲಿತದ್ದನ್ನು ಗೂಟದಕ್ಕ ಒಪ್ಪಿಸುತ್ತಾಳೆ. “ಜಿರಾಫೆ ಮೊದಲು. ಬಿಸಿಲೇರಿದ್ರೆ ಅದು ಒಳಗೆ ಹೋಗ್ಬಿಡುತ್ತೆ.” ಚೆನ್ನಾಗಿದೆಯಾ ಎಂದರೆ, “ಬೇಜಾರು ಅಂತ ವಾಪಸ್ ಬಂದೋರು ಯಾರೂ ಇಲ್ಲಮ್ಮ.”

ಗಂಡ ಬಿಟ್ಟುಹೋದಾಗ ಮಗಳಿನ್ನೂ ಸೊಂಟದ ಮೇಲಿದ್ದಳು. ಅವಳು ಬೆಳೆದದ್ದು ಮೈದಾನದ ಅಂಚಿನ ಒಂಟಿ ಕೋಣೆಯಲ್ಲಿ. ಬೇರೆ ಮಕ್ಕಳು ಬಸ್ಸು ಹತ್ತುವುದನ್ನು ಗೇಟಿಗೆ ಆತುಕೊಂಡು ನೋಡುವಳು. “ನಾವ್ಯಾವಾಗಮ್ಮ?” ಉತ್ತರ ಒಂದೇ: “ಸೀಸನ್ ಮುಗೀಲಿ ಪುಟ್ಟಿ.” ಸೀಸನ್ ಎಂದರೆ ಶಾಲೆಗಳ ರಜೆ. ಅದು ಮುಗಿದ ದಿನವೇ ಪುಟ್ಟಿಯ ಶಾಲೆಯೂ ಶುರು. “ಎಷ್ಟೋ ವರ್ಷ ಇದು ನನ್ನ ತಲೆಗೇ ಹೋಗ್ಲಿಲ್ಲ. ಹೋಗಿದ್ರೂ ಏನ್ ಕಡಿದು ಹಾಕ್ತಿದ್ನೋ!”

ಮಗಳು ಈಗ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಈ ಸಲ ಗೂಟದಕ್ಕ ಮ್ಯಾನೇಜರ್ ಮುಂದೆ ಪಟ್ಟು ಹಿಡಿದು, ಸೀಸನ್ ನಡುವೆಯೇ ಒಂದು ಭಾನುವಾರ ರಜೆ ಪಡೆದಳು. “ಹೊರಡೇ, ಜಿರಾಫೆ ನೋಡಿ ಬರೋಣ.”

ಸೂಜಿಗೆ ದಾರ ಪೋಣಿಸುತ್ತಿದ್ದ ಮಗಳು ತಲೆ ಎತ್ತಲಿಲ್ಲ. “ನಾನು ನೋಡಿಯಾಯ್ತಮ್ಮ. ಏಳನೇ ಕ್ಲಾಸಲ್ಲಿ, ಗೆಳತಿ ಮನೆಯವರು ಕರ್ಕೊಂಡು ಹೋಗಿದ್ರು. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.”

ಇದನ್ನು ಹೇಳಿ, ಕಿತ್ತ ಗೂಟಗಳನ್ನು ಬಕೆಟ್ಟಿಗೆ ಸುರಿಯುತ್ತಾ ಗೂಟದಕ್ಕ ಕೇಳುತ್ತಾಳೆ: “ಅವಳು ಆಮೇಲೂ ಪ್ರತಿ ವರ್ಷ ‘ಯಾವಾಗಮ್ಮ’ ಅಂತಾನೇ ಇದ್ಲಲ್ಲ. ಅದು ನಂಗೋಸ್ಕರ ಕೇಳಿದ್ದಾ?”

ರಜೆ ಸಿಕ್ಕಿದ್ದ ಆ ಭಾನುವಾರ ಗೂಟದಕ್ಕ ಕೆಲಸಕ್ಕೇ ಬಂದಳು. ಮಗಳು ಶಾಲೆಗೆ ಹೋಗುವಾಗ ಹತ್ತು ಬೇಸಿಗೆ ರಜೆಗಳಿದ್ದವು. ಹತ್ತೂ ಹೋದವು.