ರಾಗಿಕಲ್ಲಿನ ಪಾಠ

ಕೈಯಲ್ಲಿರುವ ಪುಸ್ತಕವನ್ನು ತಿರುಗಿಸಿ ನೆಟ್ಟಗೆ ಇಡಲು ಎಷ್ಟು ಹೊತ್ತು ಬೇಕು? ರೆಪ್ಪೆ ಬಡಿಯುವಷ್ಟು. ಅಷ್ಟು ಕೂಡ ನನ್ನಿಂದ ಆಗಲಿಲ್ಲ. ನನ್ನ ತಂಗಿ ಸಾರಾ ಚರ್ಚಿನ ಅಷ್ಟೂ ಜನರ ಮುಂದೆ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದ ನಾನು ಅದನ್ನು ತಿರುಗಿಸಿ ಕೊಡದೆ ಹೊರಗೆ ನಡೆದುಬಿಟ್ಟೆ.

ಚಿನ್ನದ ಗಣಿಯವರ ನಮ್ಮ ಊರಿಗಾಂ ಚರ್ಚಿನಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಸಂಜೆ ಒಂದು ಆರಾಧನೆ ನಡೆಯುತ್ತದೆ. ಬೈಬಲಿನ ಒಂದು ಪಾಠ ಓದುವುದು, ಒಂದು ಹಾಡು ಹಾಡುವುದು. ಹೀಗೆ ಓದುತ್ತ ಹಾಡುತ್ತ, ಲೋಕ ಹುಟ್ಟಿದಲ್ಲಿಂದ ಹೊರಟು ದನದ ಕೊಟ್ಟಿಗೆಯಲ್ಲಿ ಕೂಸು ಹುಟ್ಟುವವರೆಗೆ ಬಂದು ಮುಟ್ಟುತ್ತೇವೆ. ಪಾಠಗಳು ತಮಿಳಿನಲ್ಲಿ, ತೆಲುಗಿನಲ್ಲಿ, ಗಣಿಯ ಬಿಳಿ ದೊರೆಗಳಿಗೆಂದು ಇಂಗ್ಲಿಷಿನಲ್ಲಿ. ಕನ್ನಡದವರು ನಾವು ಎರಡು ಬೆಂಚಿನಷ್ಟು ಜನ, ನಮಗೂ ಒಂದು ಪಾಠ ಉಂಟು. ಬೆಂಗಳೂರಿಗಿಂತ ಮೊದಲೇ ಕರೆಂಟು ಕಂಡ ಊರು ನಮ್ಮದೆಂದು ಈಗಲೂ ಮೀಸೆ ತಿರುವುವವರು ನಾವು. ಆದರೂ ಆ ಸಂಜೆ ಸ್ವಿಚ್ಚುಗಳನ್ನೆಲ್ಲ ಆರಿಸುತ್ತೇವೆ. ಓದುವವರ ಪಕ್ಕದಲ್ಲಿ ಅವರ ಮನೆಯವರೇ ಒಬ್ಬರು ಬತ್ತಿ ಹಿಡಿದು ನಿಲ್ಲಬೇಕು. ಗಣಿಗೆ ಯಾರೂ ಒಂಟಿಯಾಗಿ ಇಳಿಯುವುದಿಲ್ಲವಲ್ಲ, ಆ ಪದ್ಧತಿಯೇ ಮೇಲೆ ಹತ್ತಿ ಬಂದು ಚರ್ಚಿನಲ್ಲೂ ಕೂತಿದೆ. ಜೊತೆಗಾರನನ್ನು ಕತ್ತಲಲ್ಲಿ ಬಿಟ್ಟು ಬರುವುದಕ್ಕಿಂತ ದೊಡ್ಡ ಪಾಪ ಗಣಿಯವರಿಗೆ ಗೊತ್ತಿಲ್ಲ.

ಆ ವರ್ಷ ಪಾದ್ರಿ ಅಯ್ಯನವರು ನಮ್ಮ ಮನೆಯಿಂದ ಯಾರಾದರೂ ಓದಿ ಎಂದರು. ನಾನು ನಾಲ್ಕನೆಯ ತರಗತಿಯವರೆಗೆ ಓದಿದವನು, ನಾಲ್ಕನೆಯದನ್ನು ಎರಡು ಸಲ ಓದಿದ್ದರಿಂದ ಐದು ಎಂದರೂ ಸರಿಯೇ. ಆದರೆ ಮೀಸೆ ಮೂಡುವ ವಯಸ್ಸು, ಗಂಟಲು ಒಡಕು ಮಡಕೆಯಾಗಿತ್ತು. ಜಂಬಕ್ಕೇನೂ ಒಡಕು ಬಿದ್ದಿರಲಿಲ್ಲ. “ನನ್ ತಂಗಿ ಓದ್ತಾಳೆ ಅಯ್ನೋರೇ” ಎಂದುಬಿಟ್ಟೆ. ಸಾರಾ ಶಾಲೆಯ ಬಾಗಿಲನ್ನೇ ಕಂಡವಳಲ್ಲ ಎಂಬುದು ಆಮೇಲೆ ನೆನಪಾಯಿತು.

ಉಪಾಯ ಹೂಡಿದೆ. ಅವಳು ರಾಗಿ ಬೀಸುವಾಗ ನಾನು ಎದುರಿಗೆ ಕೂತು ಕಡಲೇಕಾಯಿ ಬಿಡಿಸುತ್ತ, ಹೊಲದಲ್ಲಿದ್ದ ಕುರುಬರಿಗೆ ದೇವದೂತ ಕಾಣಿಸಿಕೊಂಡ ಪಾಠವನ್ನು ಒಂದೊಂದೇ ಸಾಲು ಹೇಳುವುದು, ಅವಳು ಕಲ್ಲು ತಿರುಗಿಸುತ್ತ ಅದನ್ನೇ ಹೇಳುವುದು. ನಮ್ಮೂರಿನಲ್ಲಿ ಕಲ್ಲನ್ನು ಅರೆದರೆ ಚಿನ್ನ, ಕಲ್ಲಿನಲ್ಲಿ ಅರೆದರೆ ಹಿಟ್ಟು. ಎರಡಕ್ಕೂ ಸದ್ದು ಬಲು ಜೋರು. ಆ ಸದ್ದಿನೊಳಗೇ ಪಾಠವೆಲ್ಲ ಅವಳಿಗೆ ಬಾಯಿಪಾಠವಾಯಿತು. ಅವಳು ಪ್ರತಿ ಮಾತನ್ನೂ ಕಲ್ಲಿನ ಒಂದೊಂದು ಸುತ್ತಿಗೂ ಕಟ್ಟಿಹಾಕಿದ್ದಾಳೆ, ಕಲ್ಲು ತಿರುಗದಿದ್ದರೆ ನಾಲಗೆಯೂ ತಿರುಗದು ಎಂಬುದು ಮಾತ್ರ ಗುರುವಿಗೂ ತಿಳಿಯಲಿಲ್ಲ, ಶಿಷ್ಯೆಗೂ ತಿಳಿಯಲಿಲ್ಲ.

ತಿಳಿದದ್ದು ಚರ್ಚಿನಲ್ಲಿ. ಅವಳು ಪುಸ್ತಕ ಹಿಡಿದು ನಿಂತಳು. ನಿಂತೇ ಇದ್ದಳು. ಹಿಂದೆ ಹಾಡುವವರ ಸಾಲಿನಲ್ಲಿದ್ದ ನನ್ನ ಗೆಳೆಯ ಅಂತೋಣಿ ಮೆಲ್ಲಗೆ ಕುಟುಕಿದ: “ಲೇ, ಬುಕ್ಕು ತಲೆಕೆಳಗೈತೆ ಕಣ್ಲಾ. ನಿನ್ ತಂಗಚ್ಚಿ ಬಾವಲಿ ತರ ನೇತಾಕ್ಕಂಡು ಓದ್ತಾಳಾ?” ಹಾಡುವವರ ಸಾಲು ಕಿಸಕ್ಕೆಂದಿತು.

“ಅಣ್ಣಾ, ಮೊದಲ್ನೇ ಮಾತೇನು?” ಎಂದಳು ಸಾರಾ, ತುಟಿ ಅಲುಗದಂತೆ.

‘ಕುರುಬರು’ ಎಂದಿದ್ದರೆ ಸಾಕಿತ್ತು. ನಾನು ಬತ್ತಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬಾರದ ಕೆಮ್ಮನ್ನು ಕೆಮ್ಮುತ್ತ ಪಕ್ಕದ ಬಾಗಿಲಿನಿಂದ ಹೊರಗೆ ಬಂದು ಗೋಡೆಗೆ ಒರಗಿ ನಿಂತೆ.

ಒಳಗೆ ನಡೆದದ್ದನ್ನು ಆಮೇಲೆ ಅಮ್ಮ ಹೇಳಿದಳು. ಸಾರಾ ಪುಸ್ತಕವನ್ನು ಪೀಠದ ಮೇಲೆ ಮಲಗಿಸಿ, ಅದರ ಮೂಲೆಯನ್ನು ಬೀಸುಕಲ್ಲಿನ ಗೂಟವೆಂಬಂತೆ ಹಿಡಿದು ತಿರುಗಿಸತೊಡಗಿದಳಂತೆ. ಮೊದಲ ಸುತ್ತಿಗೇ ಮಾತು ಬಂತು, ಬೀಸುವ ಪದದ ರಾಗದಲ್ಲೇ ಬಂತು. ಗೋಡೆಯಾಚೆ ನಿಂತಿದ್ದ ನನಗೂ ಕೇಳಿಸಿತು: ಕುರುಬರು ಹೊಲದಲ್ಲಿದ್ದರು, ಬೆಳಕು ಇಳಿಯಿತು, ಹೆದರಬೇಡಿ ಎಂದ ದೂತ. ಸಾಲು ಮುಗಿದಲ್ಲಿ ಹಿಂದಿನಿಂದ ಬಂಗಾರಪೇಟೆ ಕಡೆಯ ಹೆಂಗಸೊಬ್ಬಳು ಅಭ್ಯಾಸಬಲದಿಂದ “ಸುವ್ವೀ” ಎಂದು ಸೊಲ್ಲು ಸೇರಿಸಿದಳು. ಎರಡನೆಯ ಸಾಲಿಗೆ ನಾಲ್ಕಾರು ದನಿ. ತಮಿಳಿನವರಿಗೆ ಮಾತು ತಿಳಿಯದಿದ್ದರೇನು, ಕಲ್ಲು ಎಲ್ಲರ ಮನೆಯಲ್ಲೂ ಇತ್ತು. ಆರ್ಗನ್ನಿನವರು ತಡಕಾಡಿ ಶ್ರುತಿ ಹಿಡಿದರು. ಕೊನೆಯಲ್ಲಿ ದೂತರ ದಂಡು ಆಕಾಶ ತುಂಬುವ ಹೊತ್ತಿಗೆ ಚರ್ಚಿನ ಹೆಂಚುಗಳೆಲ್ಲ ಸುವ್ವಿ ಎನ್ನುತ್ತಿದ್ದವು. ಒರಗಿದ್ದ ಗೋಡೆ ನನ್ನ ಬೆನ್ನಿಗೆ ಗುಂಯ್‌ಗುಡುತ್ತಿತ್ತು. ಮುಂದಿನ ಬೆಂಚಿನ ದೊರೆಸಾನಿಯ ಟೋಪಿಯ ಗರಿ ತಾಳ ಹಾಕಿತೆಂದು ಅಂತೋಣಿಯೇ ಆಣೆಯಿಟ್ಟು ಹೇಳಿದ.

ಅಲ್ಲಿಗೆ ಮುಗಿದಿದ್ದರೆ ನಾನು ಬರೀ ಹೇಡಿ. ಆರಾಧನೆ ಮುಗಿಸಿ ಬಂದ ಜನ ನನ್ನ ಬೆನ್ನು ತಟ್ಟಿದರು. “ಬತ್ತಿ ಕಿಟಕಿಗಿಟ್ಟು ಜಾಗ ಬಿಟ್ಯಲ್ಲಪ್ಪ, ಅವ್ಳ ಕೈ ಆಡ್ಲಿ ಅಂತ. ಏನ್ ತಲೆಯಪ್ಪ ನಿಂದು” ಎಂದರು. ಸಾರಾ ನಗುತ್ತ, “ಅಣ್ಣನೇ ಕಲ್ಸಿದ್ದು” ಎಂದಳು. ನಾನು ಆ ಹೊಗಳಿಕೆಯನ್ನು ಬಿಸಿ ಮುದ್ದೆಯ ಹಾಗೆ ಅಗಿಯದೆ ನುಂಗಿದೆ. ಮುದ್ದೆಯಾದರೆ ಕರಗುತ್ತದೆ, ಇದು ಕರಗಲಿಲ್ಲ. ಮುಂದೆ ಗಣಿ ಸೇರಿ, ಜೊತೆಗಾರನ ದೀಪವೊಂದೇ ಕಾಣುವ ಕತ್ತಲೆಯಲ್ಲಿ ಕೆಲಸ ಮಾಡುವಾಗ, ಅದು ಎದೆಯಲ್ಲಿ ಹೊರಳುತ್ತಿತ್ತು.

ಸಾರಾಳ ಪಾಠ ಮಾತ್ರ ಊರನ್ನೇ ಗೆದ್ದಿತು. ಮದುವೆಯಾಗಿ ಬಂಗಾರಪೇಟೆಗೆ ಹೋದ ಮೇಲೂ ಪ್ರತಿ ವರ್ಷ ಅವಳು ರೈಲಿನಲ್ಲಿ ಬಂದು ಹಾಡಲೇಬೇಕು. ಪೀಠದ ಪಕ್ಕ ಈಗ ನಿಜವಾದ ಬೀಸುಕಲ್ಲನ್ನೇ ತಂದಿಡುತ್ತಾರೆ. ಇಂಗ್ಲಿಷಿನ ಪಾಠಕ್ಕೆ ಕೆಮ್ಮುತ್ತ ಕೂರುವವರೆಲ್ಲ ಇದಕ್ಕೆ ನೆಟ್ಟಗಾಗುತ್ತಾರೆ. ಬತ್ತಿಯನ್ನು ಅಮ್ಮ ಹಿಡಿಯುತ್ತಿದ್ದಳು.

ಈ ವರ್ಷ ಸಾರಾ ಬತ್ತಿಯನ್ನು ತಂದು ನನ್ನ ಕೈಗೇ ಕೊಟ್ಟಳು. “ಅಮ್ಮನ ಕೈ ನಡುಗ್ತದೆ. ನೀನೇ ಇಡ್ಕ. ಕೆಮ್ಮು ಗಿಮ್ಮು ಇಲ್ಲ ತಾನೇ?” ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು.

ದೀಪಗಳು ಆರಿದವು. ಮಗಳಿಂದ ಅಕ್ಷರ ಕಲಿತು ಈಗ ನನಗಿಂತ ಸರಾಗವಾಗಿ ಓದುವ ನನ್ನ ತಂಗಿ, ಪುಸ್ತಕವನ್ನು ಬೇಕೆಂದೇ ತಲೆಕೆಳಗಾಗಿ ಹಿಡಿದು ನನ್ನ ಮುಖವನ್ನು ನೋಡಿದಳು. ನಾನು ಅದನ್ನು ತಿರುಗಿಸಿ ನೆಟ್ಟಗಿಟ್ಟೆ. ಮೇಣ ಕೈಮೇಲೆ ಸುರಿಯಿತು. ಪಿಸುಗುಟ್ಟಬೇಕೆಂದುಕೊಂಡ ಮಾತು, ಆ ಮೌನದಲ್ಲಿ, ಅಂತೋಣಿಯ ಸಾಲಿಗೂ ಕೊನೆಯ ಬೆಂಚಿಗೂ ಕೇಳುವಂತೆ ಹೊರಬಂತು:

“ಅವತ್ತು ನಿನ್ನ ಒಬ್ಳನ್ನೇ ಬಿಟ್ಟು ಓಗ್ಬಿಟ್ಟೆ ಸಾರಾ. ತಪ್ಪಾಯ್ತು ಕಣಮ್ಮ.”